ಉಳಿದ ಒಂದು ಸುತ್ತು

ಭೈರಮ್ಮ ಮುದ್ದೆ ಬಿಟ್ಟಿದ್ದನ್ನು ಮೊದಲು ಮನೆಯಲ್ಲಿ ಯಾರೂ ದೊಡ್ಡದು ಮಾಡಲಿಲ್ಲ. ಬಾಯಿಬೀಗ ಹಾಕಿಸಿಕೊಂಡವರು ಕೆಲವು ದಿನ ಗಂಜಿ ಕುಡಿಯುವುದು ಇದ್ದದ್ದೇ. ಒಂದು ಕೆನ್ನೆಯಲ್ಲಿ ಹೊಕ್ಕ ಸರಳು ಇನ್ನೊಂದು ಕೆನ್ನೆಯಲ್ಲಿ ಹೊರಬಂದ ಮೇಲೆ ಮುದ್ದೆ ನುಂಗಲು ಯಾರಿಗೆ ತಾನೇ ಆದೀತು? ಆದರೆ ಅಂದೇ ಜೊತೆಯಲ್ಲಿ ಹರಕೆ ತೀರಿಸಿದ್ದ ಲಕ್ಷ್ಮಕ್ಕ ಆಗಲೇ ಕೊಬ್ಬರಿ ಚಿಪ್ಪು ಬಿಡಿಸುವ ಕೆಲಸಕ್ಕೆ ಬಂದು, ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದಳು. ಅವಳ ಕೆನ್ನೆಯಲ್ಲಿ ಸಾಸಿವೆಯಷ್ಟು ಕಪ್ಪು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಭೈರಮ್ಮ ಮಾತ್ರ ಸೆರಗನ್ನು ಕೆನ್ನೆಗೆ ಸುತ್ತಿಕೊಂಡು ಕೊಬ್ಬರಿ ಅಟ್ಟದ ಕೆಳಗೆ ಗೋಡೆಗೆ ಒರಗಿಯೇ ಇದ್ದಳು. ಏನು ಕೇಳಿದರೂ ತಲೆ ಆಡಿಸಿ ಉತ್ತರ ಕೊಡುತ್ತಿದ್ದಳು.

ಸೊಸೆ ಪವಿತ್ರಾ ಒಂದು ಬೆಳಿಗ್ಗೆ ಅಲ್ಲಿ ಕಸ ಗುಡಿಸುವಾಗ ಚಾಪೆಯ ಅಂಚಿನಲ್ಲಿ ತೆಂಗಿನ ಗರಿಯ ಕಡ್ಡಿಯ ಚೂರುಗಳು ಸಿಕ್ಕವು. ಪೊರಕೆಯಿಂದ ಕಿತ್ತು, ಗಂಟಿಲ್ಲದಂತೆ ನುಣ್ಣಗೆ ಹೆರೆದ ಚೂರುಗಳು. ಪಕ್ಕದಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲು. ಪವಿತ್ರಾ ಪೊರಕೆ ಹಿಡಿದು ಹಾಗೇ ನಿಂತಳು. ಈ ಕಡ್ಡಿಯನ್ನು ಅವಳು ಹಿಂದೆ ನೋಡಿದ್ದಳು. ಮಗಳು ಇಂಪನಾಗೆ ಕಿವಿ ಚುಚ್ಚಿಸಿದಾಗ ತೂತು ಮುಚ್ಚಿಹೋಗದಿರಲಿ ಎಂದು ಅತ್ತೆ ಇಂಥದೇ ಕಡ್ಡಿಯನ್ನು ಇಟ್ಟು, ದಿನಾ ಬೆಳಿಗ್ಗೆ ಎಣ್ಣೆ ಬಿಟ್ಟು ಮೆಲ್ಲಗೆ ತಿರುಗಿಸುತ್ತಿದ್ದಳು.

ಅವಳು ಹೋಗಿ ಅತ್ತೆಯ ಸೆರಗು ಎಳೆದಳು. ಭೈರಮ್ಮ ತಡೆಯಲು ಎತ್ತಿದ ಕೈಯಲ್ಲಿ ಬಲವೇ ಇರಲಿಲ್ಲ.

ಬಲಗೆನ್ನೆ ಊದಿ ಹೊಳೆಯುತ್ತಿತ್ತು. ಮೆತ್ತಿದ್ದ ವಿಭೂತಿ ಗಟ್ಟಿಯಾಗಿ ಬಿರಿದು, ಬಿರುಕಿನಿಂದ ಹಳದಿ ಕೀವು ಜಿನುಗುತ್ತಿತ್ತು. ಅದರ ನಡುವೆ ಕಡ್ಡಿಯ ಮೊಂಡು ತುದಿ. ಅಟ್ಟದಲ್ಲಿ ಒಳಗೇ ಕೆಟ್ಟ ಕಾಯಿ ಒಡೆದಾಗ ಬರುವಂಥ ವಾಸನೆ. ಎಡಗೆನ್ನೆಯಲ್ಲೂ ಕಡ್ಡಿ ಇತ್ತು, ಅಲ್ಲಿ ಊತ ಕಡಿಮೆ. ಹಣೆ ಮುಟ್ಟಿದರೆ ಕೈ ಸುಡುತ್ತಿತ್ತು.

"ಇದೇನ್ ಮಾಡ್ಕಂಡಿದ್ದೀರತ್ತೆ?"

ಭೈರಮ್ಮ ಹಲ್ಲು ಬಿಡದೆಯೇ ಮಾತಾಡಿದಳು. ಬಿಡಲು ಆಗುತ್ತಿರಲಿಲ್ಲ. "ಬುಡು. ಶುಕ್ರವಾರದ ಗಂಟ ತೂತು ಮುಚ್ಚಬಾರ್ದು. ಒಂದು ಸುತ್ತು ಉಳೀತು ಕಣೇ."

ಪವಿತ್ರಾಗೆ ಆಗ ಎಲ್ಲ ಅರ್ಥವಾಯಿತು. ಹರಕೆ ಇಂಪನಾಗಾಗಿ ಹೊತ್ತದ್ದು. ಹಿಂದಿನ ವರ್ಷ ಜ್ವರ ಏರಿ ಮಗುವಿಗೆ ಫಿಟ್ಸ್ ಬಂದಿತ್ತು. ಜ್ವರದಲ್ಲಿ ಎಷ್ಟೋ ಮಕ್ಕಳಿಗೆ ಹೀಗಾಗುತ್ತದೆ, ದೊಡ್ಡವಳಾಗುತ್ತ ಹೋಗುತ್ತದೆ, ಜ್ವರ ಬಂದ ಕೂಡಲೇ ಇಳಿಸಿ ಎಂದು ಡಾಕ್ಟರು ಹೇಳಿ ಸಿರಪ್ ಬರೆದುಕೊಟ್ಟಿದ್ದರು. ಭೈರಮ್ಮ ಡಾಕ್ಟರ ಮಾತನ್ನೂ ಕೇಳಿದಳು, ಊರಮ್ಮನಿಗೂ ಹೇಳಿಕೊಂಡಳು. ಮತ್ತೆ ಬರದಿದ್ದರೆ ಬಾಯಿಬೀಗ ಹಾಕಿಸಿಕೊಂಡು ಗುಡಿಗೆ ಮೂರು ಸುತ್ತು ಬರುತ್ತೇನೆ ಅಂತ. ಹರಕೆಯ ದಿನ ಎರಡನೇ ಸುತ್ತು ಮುಗಿಯುವಾಗ ಅವಳ ಕಾಲು ತಡವರಿಸಿ ಕಣ್ಣು ಮೇಲಾಯಿತು. ಸರಳು ತೆಗೆಯಿರಿ ಎಂದು ಕೂಗಿದವಳು ಪವಿತ್ರಾ. ಸರಳು ಹಾಕುವ ಸಣ್ಣತಿಮ್ಮಯ್ಯ ಕೂಡಲೇ ಎಳೆದು, ವಿಭೂತಿ ಒತ್ತಿದ್ದರು. ಎಲ್ಲರೂ ಹರಕೆ ತೀರಿತು ಎಂದಿದ್ದರು. ಭೈರಮ್ಮ ಏನೂ ಅಂದಿರಲಿಲ್ಲ.

ಹೊಸದಾಗಿ ಚುಚ್ಚಿಸಿಕೊಂಡರೆ ಅದು ಬೇರೆ ಹರಕೆಯಾಗುತ್ತದೆ, ಅಮ್ಮನ ವಾರವಾದ ಶುಕ್ರವಾರ ಇದೇ ತೂತಿನಲ್ಲಿ ಸರಳು ತೂರಿಸಿಕೊಂಡು ಉಳಿದ ಸುತ್ತು ಮುಗಿಸಬೇಕು ಎಂಬುದು ಅವಳ ಲೆಕ್ಕ.

ಪವಿತ್ರಾ ಗಂಡನನ್ನು ತೋಟದಿಂದ ಕರೆಸಿದಳು. ಗಂಗಾಧರ ತಾಯಿಯ ಕೆನ್ನೆ ನೋಡಿದ ಕೂಡಲೇ ಲಗೇಜ್ ಆಟೋ ಬಾಗಿಲಿಗೆ ತಂದು, ಅವಳನ್ನು ಎತ್ತಿಕೊಳ್ಳಲು ಬಗ್ಗಿದ. ಭೈರಮ್ಮ ಕಂಬ ತಬ್ಬಿಕೊಂಡಳು. ಆ ಕೈ ಬಿಡಿಸುವುದು ಅವನಿಗೆ ಕಷ್ಟವೇನೂ ಆಗುತ್ತಿರಲಿಲ್ಲ.

"ಕಡ್ಡಿ ಕೀಳ್ಸಿ ಮಗೀಗೆ ಏನಾರ ಆದ್ರೆ," ಎಂದಳು ಭೈರಮ್ಮ, "ನೀನು ತಡ್ಕತೀಯೇನ್ಲಾ?"

ಗಂಗಾಧರನ ಕೈ ಸಡಿಲವಾಯಿತು. ಅವನು ತಾಯಿಯನ್ನು ಬಿಟ್ಟು ಹೆಂಡತಿಯ ಮುಖ ನೋಡಿದ. ಬುದ್ಧಿ ಆಸ್ಪತ್ರೆ ಅನ್ನುತ್ತಿತ್ತು. ಆದರೆ ಮಗಳು ಕಣ್ಣು ಮೇಲೆ ಮಾಡಿ ಸೆಟೆದುಕೊಂಡದ್ದನ್ನು ಅವನೂ ನೋಡಿದ್ದ.

ಹುಳಿಯಾರಿನ ಕಡೆ ಪವಿತ್ರಾಳ ತವರಿನಲ್ಲಿ ಮೊಳೆ ತುಳಿದ ಒಬ್ಬ ಹೀಗೇ ಹಲ್ಲು ಕಚ್ಚಿಕೊಂಡು ಧನುರ್ವಾಯುವಿನಿಂದ ಸತ್ತಿದ್ದ. ಇದು ಅದೋ ಬರೀ ಊತವೋ ಅವಳಿಗೆ ತಿಳಿಯದು. ಜಗಳ ಆಡಿದಷ್ಟೂ ಹೊತ್ತು ಹೋಗುತ್ತದೆ ಎನ್ನುವುದು ಮಾತ್ರ ತಿಳಿದಿತ್ತು. ತಣ್ಣೀರು ಬಟ್ಟೆ ಹಾಕುತ್ತಿರಿ ಎಂದು ಗಂಡನಿಗೆ ಹೇಳಿ, ಸ್ಕೂಟರ್ ತೆಗೆದುಕೊಂಡು ಗುಡಿಯ ಪಕ್ಕದ ಸಣ್ಣತಿಮ್ಮಯ್ಯನವರ ಮನೆಗೆ ಹೋದಳು.

ಮುದುಕರಿಗೆ ಕಡ್ಡಿಯ ವಿಷಯ ಕೇಳಿ ಸಿಟ್ಟೇ ಬಂತು. ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ, ಎಲೆಅಡಿಕೆ ಮುಟ್ಟಬೇಡಿ, ಕೈ ಹಾಕಬೇಡಿ, ತಾನಾಗಿ ಕೂಡಿಕೊಳ್ಳಲಿ ಎಂದು ಪ್ರತಿಯೊಬ್ಬರಿಗೂ ಹೇಳಿ ಕಳಿಸಿದ್ದರಂತೆ. ಕೆನ್ನೆಯೇನು ಓಲೆ ಹಾಕೋ ಕಿವಿಯಾ ಎಂದು ಗೊಣಗಿದರು. ಮೊದಲು ಆಸ್ಪತ್ರೆಗೆ ನಡೆ ಎಂದರು.

"ಅವರು ಬರಕಿಲ್ಲ ತಾತ. ಸುತ್ತು ಮುಗೀದೆ ಬರಕಿಲ್ಲ. ನಿಲ್ಸಿ ಅಂದೋಳು ನಾನು. ಉಳಿದಿದ್ದನ್ನ ನಾನು ಸುತ್ತುದ್ರೆ ಆಗಕಿಲ್ವಾ?"

ಸಣ್ಣತಿಮ್ಮಯ್ಯ ಗುಡಿಯ ಕಡೆ ನೋಡಿದರು. ಆಮೇಲೆ ಒಳಗೆ ಹೋಗಿ ಸರಳನ್ನು ತಂದು, ನಿಂಬೆಹಣ್ಣಿನಲ್ಲಿ ತಿಕ್ಕುತ್ತ, ಚುಚ್ಚುವುದು ಬೇಡ, ಹಲ್ಲಲ್ಲಿ ಕಚ್ಚಿಕೊಂಡು ಸುತ್ತು, ಮಗುವನ್ನು ಎತ್ತಿಕೋ, ಮುಗಿಯುವ ತನಕ ಬಾಯಿ ಬಿಡಬೇಡ ಎಂದರು.

"ಹಂಗೆ ಮಾಡೋದುಂಟಾ ತಾತ?"

"ಇವತ್ತಿಂದ ಉಂಟು. ಹೋಗು, ಕರ್ಕಂಬಾ."

ಭೈರಮ್ಮ ಒಂದು ಷರತ್ತಿನ ಮೇಲೆ ಆಟೋ ಹತ್ತಿದಳು. ಸುತ್ತನ್ನು ತಾನು ಕಣ್ಣಾರೆ ನೋಡಬೇಕು. ಹಿಂದೆ ಗೋಣಿಚೀಲದ ಮೇಲೆ ಅವಳನ್ನು ಕೂರಿಸಿ, ಆಟೋವನ್ನು ಗುಡಿಯ ಎದುರಿಗೇ ನಿಲ್ಲಿಸಿದ್ದಾಯಿತು. ಗಂಗಾಧರ ಇಂಜಿನ್ ಆರಿಸಲಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಕಲ್ಲುಚಪ್ಪಡಿ ಕಾದಿತ್ತು. ಪವಿತ್ರಾ ಇಂಪನಾಳನ್ನು ಸೊಂಟಕ್ಕೇರಿಸಿ, ಸರಳನ್ನು ಕಚ್ಚಿಕೊಂಡಳು. ನಾಲಿಗೆಗೆ ಕಬ್ಬಿಣ, ನಿಂಬೆಹುಳಿ. ಎರಡು ಕಡೆ ಚಾಚಿದ್ದ ಸರಳಿನ ತೂಕಕ್ಕೆ ದವಡೆ ನಡುಗುತ್ತಿತ್ತು. ಇಂಪನಾಗೆ ಅದು ಆಟ ಅನಿಸಿ, ಸರಳಿನ ತುದಿ ಹಿಡಿಯಲು ಕೈ ಚಾಚಿದಳು. ಪವಿತ್ರಾ ಮುಖ ಆಚೆ ತಿರುಗಿಸಿಕೊಂಡು ನಡೆದಳು.

ಗುಡಿಯ ಹಿಂಬದಿಗೆ ಹೋದಾಗ ಆಟೋ ಮರೆಯಾಯಿತು. ಅಷ್ಟರಲ್ಲಿ ಗಂಗಾಧರನ ದನಿ ಕೇಳಿತು. ಅವ್ವ, ಅವ್ವ ಎಂದು ಎರಡು ಸಲ. ಆಮೇಲೆ ಬರೀ ಇಂಜಿನ್ ಸದ್ದು.

ಏನಾಯ್ತು ಎಂದು ಕೇಳಬೇಕು. ಕೇಳಿದರೆ ಸರಳು ಬೀಳುತ್ತದೆ. ಬಿದ್ದರೆ ಅತ್ತೆ ಬದುಕಿದ್ದರೂ ಆಸ್ಪತ್ರೆಗೆ ಬರುವುದಿಲ್ಲ. ತಿರುಗಿ ಹೋದರೂ ಅಷ್ಟೇ ದೂರ, ಮುಂದೆ ಹೋದರೂ ಅಷ್ಟೇ ದೂರ. ಪವಿತ್ರಾಗೆ ಊರಮ್ಮನಲ್ಲಿ ನಂಬಿಕೆ ಇತ್ತೋ ಇಲ್ಲವೋ ಎಂದು ಅವಳನ್ನೇ ಕೇಳಿದ್ದರೂ ಆಗ ಹೇಳಲಾಗುತ್ತಿರಲಿಲ್ಲ. ಅವಳು ಹಲ್ಲು ಇನ್ನಷ್ಟು ಬಿಗಿದು, ಮಗುವಿನ ತಲೆಯನ್ನು ಹೆಗಲಿಗೆ ಒತ್ತಿ ಹಿಡಿದು, ಓಡಿದಳು. ಗುಡಿಯ ಮೂಲೆ ತಿರುಗುವಾಗ ಸರಳಿನ ತುದಿ ಗೋಡೆಗೆ ತಗುಲಿ ಹಲ್ಲು ಜುಮ್ಮೆಂದಿತು. ಬಾಯಿ ಬಿಡಲಿಲ್ಲ.

ಆಟೋದಲ್ಲಿ ಭೈರಮ್ಮ ಚೀಲದ ಮೇಲೆ ಪಕ್ಕಕ್ಕೆ ಕುಸಿದಿದ್ದಳು. ಮೈಯೆಲ್ಲ ಚಳಿಗೆ ಅದುರುತ್ತಿತ್ತು. ಗಂಗಾಧರ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಕಣ್ಣು ಮಾತ್ರ ತೆರೆದಿದ್ದವು. ಸೊಸೆ ಮೂಲೆ ತಿರುಗಿದ್ದನ್ನೂ ಗುಡಿಯ ಬಾಗಿಲ ಮುಂದೆ ಬಂದು ನಿಂತದ್ದನ್ನೂ ಆ ಕಣ್ಣು ನೋಡುತ್ತಿದ್ದವು. ಸಣ್ಣತಿಮ್ಮಯ್ಯ ಸರಳನ್ನು ತೆಗೆದುಕೊಂಡು, ಆಟೋದ ಹತ್ತಿರ ಬಂದು, ಕೇಳುವಂತೆ ಹೇಳಿದರು.

"ಮುಗೀತು ಕಣವ್ವ. ಮೂರೂ ಆಯ್ತು."

ಭೈರಮ್ಮ ಕೈಯೆತ್ತಿ ಮುಗಿಯಲು ನೋಡಿದಳು. ಕೈ ಏಳಲಿಲ್ಲ. ಆ ಕೈಯನ್ನು ಸೊಸೆಯ ಕಡೆ ಚಾಚಿದಳು.

ತಿಪಟೂರಿನ ಆಸ್ಪತ್ರೆಯಲ್ಲಿ ಕಡ್ಡಿ ತೆಗೆದು, ಕೆನ್ನೆಯ ಕೀವು ಬಸಿದು, ಇಂಜೆಕ್ಷನ್ ಕೊಟ್ಟು, ಮಲಗಿಸಿಕೊಂಡರು. ಧನುರ್ವಾಯು ಅಲ್ಲ, ಕೀವಿನ ಊತಕ್ಕೆ ದವಡೆ ಬಿಗಿದಿದೆ ಎಂದರು. ಹೊರಗಡೆ ವಿಭೂತಿ, ಎಣ್ಣೆ ಮೆತ್ತಿ ಮುಚ್ಚಿದ್ದರಿಂದ ಕೀವು ಒಳಗೇ ತುಂಬಿತ್ತಂತೆ. ಕಡ್ಡಿ ಇಟ್ಟವರು ಯಾರು ಎಂದು ಡಾಕ್ಟರು ಕೇಳಿದಾಗ ಪವಿತ್ರಾ, ನಾವೇ, ಎಂದಳು.

ಮನೆಗೆ ಬಂದ ಮೇಲೆ ಆರೈಕೆ ಅವಳ ಪಾಲಿಗೆ ಬಂತು. ಕಾಯಿಸಿ ಆರಿಸಿದ ನೀರಿನಲ್ಲಿ ಬಟ್ಟೆ ಅದ್ದಿ ಹೊರಗಿನ ಗಾಯ ಒರೆಸುವುದು, ಉಂಡಾಗಲೆಲ್ಲ ಉಗುರುಬೆಚ್ಚಗಿನ ಉಪ್ಪುನೀರು ಕೊಡುವುದು. ಎಣ್ಣೆ ಬಟ್ಟಲು ಅಡುಗೆಮನೆಗೆ ಹೋಯಿತು. ಎಲೆಅಡಿಕೆ ಚೀಲ ಅಟ್ಟಕ್ಕೆ ಹೋಯಿತು, ಅದಕ್ಕೆ ಭೈರಮ್ಮ ಸೊಸೆಯನ್ನು ದಿನಾ ಬೈದಳು. ಆದರೆ ಬಾಯಿ ಬೆರಳಗಲ ತೆರೆಯುವಷ್ಟಾದ ಕೂಡಲೇ ಅವಳಾಡಿದ ಮೊದಲ ದೂರು ಅದಲ್ಲ, ಬೇರೆ.

"ಅದೇನ್ ಹಂಗೆ ಓಡ್ದೆ? ಅಮ್ಮನ ಸುತ್ತ ಯಾರಾನ ಓಡ್ತಾರೇನೇ?"

ಪವಿತ್ರಾ ಉಪ್ಪುನೀರಿನ ಲೋಟ ಮುಂದೆ ಹಿಡಿದಳು. ಆದರೆ ಆ ಮಾತು ಅವಳ ಎದೆಯಲ್ಲಿ ಉಳಿಯಿತು. ಓಡಿದ ಸುತ್ತು ಅತ್ತೆಯ ಲೆಕ್ಕಕ್ಕೆ ಸೇರಿತೋ ಇಲ್ಲವೋ?

ಭೈರಮ್ಮನ ಕೆನ್ನೆಯಲ್ಲಿ ಕಪ್ಪು ಚುಕ್ಕೆ ಮಾತ್ರ ಉಳಿದಿದ್ದಾಗ ಒಂದು ಮುಂಜಾನೆ ಇಂಪನಾಳ ಮೈ ಬಿಸಿಯಾಯಿತು. ಥರ್ಮಾಮೀಟರ್ ಇಡುವ ಮೊದಲೇ ಮಗು ಮಂಕಾಗಿ ತಾಯಿಯ ಮಡಿಲಿಗೆ ಒರಗಿತು. ಗಂಗಾಧರ ಆಟೋ ಕೀಲಿ ಹಿಡಿದು ಬಾಗಿಲಲ್ಲಿ ನಿಂತ. ಭೈರಮ್ಮ ಎದ್ದು ಬಂದಳು. ಅವಳ ಬೆರಳು ತಾನಾಗಿ ಕೆನ್ನೆಯ ಚುಕ್ಕೆಗೆ ಹೋಯಿತು, ಅಲ್ಲೇ ನಿಂತಿತು. ಪವಿತ್ರಾ ಮಗುವನ್ನು ಅವುಚಿಕೊಂಡು ಆ ಬೆರಳನ್ನೇ ನೋಡುತ್ತಿದ್ದಳು.

ಭೈರಮ್ಮ ಬೆರಳು ತೆಗೆದು, ಮಗುವಿನ ಹಣೆ ಮುಟ್ಟಿದಳು.

"ಮುಖ ಏನ್ ನೋಡ್ತೀಯ? ಸಿರಪ್ ಎಲ್ಲಿ ಮಡಗಿದ್ದೀಯೇ? ಲೇ ಗಂಗ, ಬಟ್ಟೆ ನೆನೆಸ್ಕಂಬಾ."

ಸಿರಪ್ ಒಳಗೆ ಹೋಯಿತು. ಅಜ್ಜಿ ಮಗುವಿನ ಅಂಗಿ ಬಿಚ್ಚಿ, ಒದ್ದೆ ಬಟ್ಟೆಯಿಂದ ಕಂಕುಳು, ಕುತ್ತಿಗೆ ಒರೆಸುತ್ತ ಕೂತಳು. ಬಟ್ಟೆ ಬಿಸಿಯಾದಾಗಲೆಲ್ಲ ಹಿಂದೆ ನೋಡದೆ ಸೊಸೆಯ ಕಡೆ ಚಾಚುತ್ತಿದ್ದಳು. ಪವಿತ್ರಾ ಹಿಂಡಿ ಕೊಡುತ್ತಿದ್ದಳು. ಬಿಸಿಲು ಅಂಗಳಕ್ಕೆ ಇಳಿಯುವಾಗ ಇಂಪನಾಳ ಹಣೆಯ ಮೇಲೆ ಬೆವರು ಕಾಣಿಸಿತು. ಆಮೇಲೆ ಅವಳು ಎದ್ದು ಕೂತು ಬಿಸ್ಕತ್ತು ಕೇಳಿದಳು.