ಪುಟ್ಟಿ ಮೆತ್ತಿದ ಪಂಜರ

ಗಂಡ ಕಟ್ಟಿದ ಪಂಜರ ನೋಡಿ ಅಕ್ಕನಿಗೆ ಮೈಯೆಲ್ಲ ಉರಿಯಿತು. ರೇಸಿನ ಕಾರು ಪಲ್ಟಿ ಹೊಡೆದರೆ ಒಳಗಿದ್ದವನ ತಲೆ ಕಾಯಬೇಕಾದ ಉಕ್ಕಿನ ಕೊಳವೆಗಳವು. ಮಹಾರಾಯ ಅವಕ್ಕೆ ಮದುಮಗಳ ಹಾಗೆ ಕೆಂಪು ಬಳಿದು ಕೂರಿಸಿದ್ದ. ವೆಲ್ಡಿಂಗ್ ಶೆಡ್ಡು ಅವಳದು. ಅವಳು ಒಂದು ವಾರ ಬೇರೆ ಕೆಲಸಕ್ಕೆ ಹೋಗಿದ್ದೇ ತಡ, ನಾಲ್ಕು ವಿಡಿಯೋ ನೋಡಿ ಈತ ಮೇಸ್ತ್ರಿಯಾಗಿಬಿಟ್ಟಿದ್ದ. ನಾಳೆ ಅದರಲ್ಲಿ ಕೂತು ಓಡಿಸುವವನು ಅವಳ ಒಬ್ಬನೇ ತಮ್ಮ.

"ಭಾವ ಕೈ ಇಟ್ರೆ ಕಬ್ಬಿಣಾನೂ ಮಾತು ಕೇಳುತ್ತೆ ಅಕ್ಕಾ," ಎಂದ ತಮ್ಮ.

"ಕೇಳುತ್ತಾ ನೋಡೋಣ ತಡಿ."

ಕಾರಿನ ಒಂದು ಮೂಲೆಗೆ ಜಾಕ್ ಕೊಟ್ಟು ಎತ್ತಿದಳು. ಪಂಜರ ಗಟ್ಟಿಯಿದ್ದರೆ ಬಾಡಿ ನುಲಿಯಬಾರದು, ಬಾಗಿಲು ಸಲೀಸಾಗಿ ಮುಚ್ಚಬೇಕು. ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಅರ್ಧಕ್ಕೇ ನಿಂತಿತು.

"ಬಾಗಿಲು ಹಳೇದು ಕಣೇ," ಎಂದ ಗಂಡ.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ!"

ಒಳಗೆ ತೂರಿ, ಕೊಳವೆಗಳು ಕೂಡುವ ಮೇಲಿನ ಕೀಲಿನ ಹಿಂದೆ ಬೆರಳಾಡಿಸಿದಳು. ಅಲ್ಲಿ ಕಾರಿನ ಚಾವಣಿ ಅಡ್ಡ ಬರುತ್ತದೆ, ವೆಲ್ಡಿಂಗ್ ಗನ್ನು ಹೋಗುವುದಿಲ್ಲ. ಬಲ್ಲವರು ಕಾರಿನ ತಳಕ್ಕೆ ತೂತು ಕೊರೆದು ಪಂಜರವನ್ನೇ ಕೆಳಗಿಳಿಸಿ, ಕೀಲಿನ ಸುತ್ತ ಬೆಸೆದು, ಮತ್ತೆ ಎತ್ತಿ, ಪಂಜರದ ಕಾಲಡಿಗೆ ದಪ್ಪ ತಗಡು ಕೊಡುತ್ತಾರೆ. ಇಲ್ಲಿ ಮಾತ್ರ ಬೆಸುಗೆಯ ಉಬ್ಬೇ ಇಲ್ಲ, ಬರೀ ನುಣುಪು. ಉಗುರು ಒತ್ತಿದಳು, ಒಳಗಿಳಿಯಿತು. ಬಾಡಿಯ ತಗ್ಗು ಮುಚ್ಚುವ ಪುಟ್ಟಿ!

ಥೂ, ಇವನ ಜನ್ಮಕ್ಕಿಷ್ಟು! ಗೋಡೆಯ ಬಿರುಕಿಗೆ ಪೇಪರು ಅಂಟಿಸುವ ಬುದ್ಧಿಯನ್ನು ನನ್ನ ತಮ್ಮನ ತಲೆಯ ಮೇಲೂ ತಂದಿಟ್ಟನಲ್ಲ!

"ಹೊರಗೆ ಥಳಕು, ಒಳಗೆ ಹುಳುಕು. ಪುಟ್ಟಿ ಮೆತ್ತಿದೀರಲ್ರೀ!"

"ಅಲ್ಲಿ ಯಾರು ಇಣುಕಿ ನೋಡ್ತಾರೆ? ಮುಂದಿನ ಕಡೆ ಬೆಸ್ದಿದೀನಲ್ಲ, ಅದೇ ಸಾಕು."

"ಸಾಕಕ್ಕಾ," ಎಂದು ತಮ್ಮನೂ ತಾಳ ಹಾಕಿದ. "ಭಾವ ಹೇಳ್ತಿದಾರಲ್ಲ."

ತಮ್ಮನಿಗೆ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ ಅನ್ನಿಸಿತು ಅವಳಿಗೆ. ಅವನ ಹೆಲ್ಮೆಟ್ ತೆಗೆದು ಗಂಡನ ಎದೆಗೆ ಒತ್ತಿದಳು.

"ಹಾಗಾದ್ರೆ ನಾಳೆ ನೀವೇ ಓಡ್ಸಿ. ಮೊದಲ ಸುತ್ತು ಭಾವಂದು, ಆಮೇಲೆ ಇವನದು."

ಗಂಡ ಹೆಲ್ಮೆಟ್ ನೋಡಿದ, ಪಂಜರ ನೋಡಿದ, ಹೆಂಡತಿಯ ಮುಖವೊಂದು ಬಿಟ್ಟು ಉಳಿದದ್ದೆಲ್ಲ ನೋಡಿದ.

"ನಂಗೆ... ಸೊಂಟ ಹಿಡ್ಕೊಂಡಿದೆ ಕಣೇ," ಎಂದ.

ತಮ್ಮ ಭಾವನನ್ನೇ ದಿಟ್ಟಿಸಿ ನಿಂತ. ಆಮೇಲೆ ಹೋಗಿ, ಪಂಜರ ಕತ್ತರಿಸಲು ಗ್ರೈಂಡರಿನ ಪ್ಲಗ್ಗನ್ನು ತಾನೇ ಚುಚ್ಚಿದ.

"ಭಾವ, ಸ್ವಲ್ಪ ಆ ಕಡೆ ನಿಂತ್ಕೊಳಿ. ಕಿಡಿ ಹಾರುತ್ತೆ."