ರಾಧಾಮಣಿ ಕೊಟ್ಟ ನಿಂಬೆ ಹೋಳು

ಆ ವಿಡಿಯೋ ಈಗ ಅಳಿಸಿದ್ದೇನೆ. ಅಳಿಸುವ ಹೊತ್ತಿಗೆ ನಲವತ್ತು ಸಾವಿರ ಜನ ನೋಡಿಯಾಗಿತ್ತು. ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ.

ನಾನು ಶೋಯೆಬ್, ರಾಮನಗರದವನು. ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಆದರೆ ನನ್ನ ವಿಡಿಯೋ ಚಾನೆಲ್ಲಿನಲ್ಲಿ ಅದನ್ನು ಬಾಯಿ ತಪ್ಪಿಯೂ ಹೇಳಿದವನಲ್ಲ. ಯಾರಾದರೂ ಕೇಳಿದರೆ ‘ಫ್ಯಾಮಿಲಿ ಬಿಸಿನೆಸ್’ ಅನ್ನುತ್ತಿದ್ದೆ. ಬಿಳಿ ಅಂಗಿ, ಕೂಲಿಂಗ್ ಗ್ಲಾಸು ಹಾಕಿಕೊಂಡು ಊರೂರಿನ ತಿಂಡಿ ತಿಂದು ಮಾರ್ಕು ಹಾಕುವುದು ನನ್ನ ಶೋಕಿ. ಚಿಕ್ಕಪ್ಪನ ಮಗ ವಾಸಿಂ ಫೋನು ಹಿಡಿಯುತ್ತಿದ್ದ.

ಕಳೆದ ವರ್ಷ ‘ನಾಲ್ಕು ಊರು, ನಾಲ್ಕು ಸ್ಯಾಂಡ್‌ವಿಚ್’ ಅಂತ ಶುರು ಮಾಡಿದೆವು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಹೆಸರು ಮಾಡಿದ ಒಂದೊಂದು ಅಂಗಡಿ. ಆ ಹೆಸರು ನಿಜವೋ, ಬರೀ ಬುರುಡೆಯೋ ಅಂತ ನಾನು ತೀರ್ಪು ಕೊಡುವುದು. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಂದು ಹಿಡಿ ಗೂಡು ಕೈಗೆತ್ತಿಕೊಂಡು ಇಡೀ ರಾಶಿಗೆ ಬೆಲೆ ಕಟ್ಟುವ ಮನೆತನ ನಮ್ಮದು. ಸ್ಯಾಂಡ್‌ವಿಚ್ಚಿಗೂ ಒಂದು ತುತ್ತು ಸಾಕು ಅಂದುಕೊಂಡಿದ್ದೆ.

ಮೊದಲನೆಯದು ನಮ್ಮ ಬೀದಿಯ ತುದಿಯ ಅಂಗಡಿ. ಚೀಸು ಸುರಿದು ಸುರಿದು ಒಳಗಿನ ಸೌತೆಕಾಯಿಯನ್ನು ಹುಡುಕಬೇಕಿತ್ತು. ಹತ್ತಕ್ಕೆ ಆರು ಕೊಟ್ಟೆ.

ಎರಡನೆಯದು ಚನ್ನಪಟ್ಟಣ ಬಸ್ ಸ್ಟ್ಯಾಂಡಿನ ಹಿಂದಿನ ತಳ್ಳುಗಾಡಿ. ನಡೆಸುತ್ತಿದ್ದವರು ರಾಧಾಮಣಿ ಎಂಬ ಐವತ್ತರ ಹೆಂಗಸು. ಬೆಣ್ಣೆ ಹಚ್ಚಿ ಕಾವಲಿಯ ಮೇಲೆ ಸುಟ್ಟ ಬ್ರೆಡ್ಡು, ನಡುವೆ ಕೊತ್ತಂಬರಿ ಚಟ್ನಿ, ಈರುಳ್ಳಿ, ಬೀಟ್‌ರೂಟು. ಗೊಂಬೆ ಕೆಲಸದವರು, ಕಾಲೇಜು ಹುಡುಗಿಯರು ಸುತ್ತ ಮುತ್ತಿಕೊಂಡಿದ್ದರು.

ಅವತ್ತು ಬೆಳಿಗ್ಗೆ ನಮ್ಮ ಶೆಡ್ಡಿಗೆ ಕೆಲಸದವನೊಬ್ಬ ಬಂದಿರಲಿಲ್ಲ. ನಾನೇ ಬಿಸಿನೀರಿನ ಬಾಂಡ್ಲಿಯ ಮುಂದೆ ಕೂತು ಬೆಂದ ಗೂಡಿನಿಂದ ಎಳೆ ಎತ್ತಿ, ಸತ್ತ ಹುಳ ಬಾಚಿ ಬಂದಿದ್ದೆ. ಅಂಗಿ ಬದಲಾಯಿಸಿದ್ದೆ, ಕೈಗೆ ಒಂದಿಷ್ಟು ನೀರು ಹಾಕಿಕೊಂಡಿದ್ದೆ. ಆ ಹುಳದ ವಾಸನೆಯಲ್ಲೇ ಹುಟ್ಟಿ ಬೆಳೆದವನಿಗೆ ಅದು ಮನೆಯಲ್ಲಿ ಗೊತ್ತೇ ಆಗುವುದಿಲ್ಲ.

ರಾಧಾಮಣಿ ಸ್ಯಾಂಡ್‌ವಿಚ್ಚನ್ನು ಪೇಪರಿನ ಮೇಲಿಟ್ಟು ಕೊಟ್ಟರು. ಪಕ್ಕದಲ್ಲಿ ಒಂದು ನಿಂಬೆ ಹೋಳು ಇಟ್ಟರು. ಏನೋ ಹೇಳಲು ಬಾಯಿ ತೆರೆದವರು ವಾಸಿಂನ ಫೋನು ಕಂಡು ಸುಮ್ಮನಾದರು. ನಾನು ನಿಂಬೆಯನ್ನು ಬ್ರೆಡ್ಡಿನ ಮೇಲೆ ಹಿಂಡಿ ಬಾಯಿಯ ಹತ್ತಿರ ತಂದೆ. ಗಪ್ಪಂತ ನಾತ ಮೂಗಿಗೆ ಹೊಡೆಯಿತು.

“ಫ್ರೆಂಡ್ಸ್, ಏನೋ ಸತ್ತ್ ವಾಸ್ನೆ! ಅದನ್ನ ಮುಚ್ಚಾಕಕ್ಕೆ ನಿಂಬೆಹಣ್ ಬೇರೆ ಕೊಡ್ತಾರೆ ನೋಡಿ!” ಅಂದೆ. ಹತ್ತಕ್ಕೆ ಎರಡು ಕೊಟ್ಟೆ. ಸುತ್ತ ನಿಂತವರು ತಮ್ಮ ಕೈಯಲ್ಲಿದ್ದುದನ್ನು ಮೂಸಿ ನೋಡಿಕೊಂಡರು. ಅವತ್ತು ರಾತ್ರಿಯೇ ಆ ವಿಡಿಯೋ ಚಾನೆಲ್ಲಿಗೆ ಹಾಕಿದೆವು.

ಕನಕಪುರದ ಅಂಗಡಿಯಲ್ಲಿ ಎಸಿ, ಪಿಂಗಾಣಿ ತಟ್ಟೆ, ತಿನ್ನಲು ಫೋರ್ಕು. ನಿಜ ಹೇಳಬೇಕೆಂದರೆ ಬ್ರೆಡ್ಡು ಒಣಗಿತ್ತು. ಆದರೂ ‘ಎಷ್ಟು ಕ್ಲೀನು’ ಅಂತ ಒಂಬತ್ತು ಕೊಟ್ಟೆ.

ಮಾಗಡಿಗೆ ಹೋದ ದಿನ ಮತ್ತೆ ಬೆಳಿಗ್ಗೆ ನಾನೇ ಬಾಂಡ್ಲಿಯ ಮುಂದೆ ಕೂತಿದ್ದೆ. ಅಲ್ಲಿ ಫೋರ್ಕು ಇರಲಿಲ್ಲ. ಕೈಯಲ್ಲಿ ಹಿಡಿದು ಕಚ್ಚಹೋದರೆ ಅದೇ ವಾಸನೆ.

“ಇಲ್ಲೂ ಅಂಗೇ ನಾರ್ತೈತೆ ಕಣ್ಲಾ,” ಅಂದೆ.

ವಾಸಿಂ ಫೋನು ಕೆಳಗಿಳಿಸಿದ. “ಭಾಯ್, ಬ್ರೆಡ್ ಒಸಿ ಕೆಳಗಿಡು. ಬರೀ ಕೈ ಮೂಸು.”

ಮೂಸಿದೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಬೇರೆಯವರ ತಟ್ಟೆಯ ನೊಣ ತೋರಿಸಿದರಂತೆ. ನಾನು ಅದಕ್ಕಿಂತ ಕಡೆ. ಆ ಹೆಂಗಸಿನ ತಟ್ಟೆಯಲ್ಲಿ ನೊಣವೂ ಇರಲಿಲ್ಲ.

ಮಾರನೆಯ ದಿನವೇ ಚನ್ನಪಟ್ಟಣಕ್ಕೆ ಹೋದೆವು. ಗಾಡಿಯ ಸುತ್ತ ಜನವಿರಲಿಲ್ಲ. ಬ್ರೆಡ್ಡಿನ ಪ್ಯಾಕೆಟ್ಟುಗಳು ಒಡೆಯದೆ ಹಾಗೇ ಇದ್ದವು. ರಾಧಾಮಣಿ ನನ್ನನ್ನು ಕಂಡ ತಕ್ಷಣ ಗುರುತು ಹಿಡಿದರು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

“ಅಕ್ಕ, ಆ ವಾಸ್ನೆ ನಿಮ್ ಸ್ಯಾಂಡ್‌ವಿಚ್ಚಿಂದಲ್ಲ. ನನ್ ಕೈದು,” ಅಂದೆ.

“ಗೊತ್ತು ಕಣಪ್ಪ. ನಾನೂ ಹನ್ನೊಂದು ವರ್ಸ ಬಾಂಡ್ಲಿ ಮುಂದೆ ಕುಂತೋಳೇ. ಕೈಗೆ ಉಜ್ಕಳ್ಲಿ ಅಂತ ನಿಂಬೆ ಹೋಳು ಕೊಟ್ರೆ ನೀನು ಬ್ರೆಡ್ ಮ್ಯಾಲೆ ಹಿಂಡ್ಕಬುಟ್ಟೆ.”

ನನಗೆ ತಲೆ ಎತ್ತಲಾಗಲಿಲ್ಲ. “ಅವತ್ತೇ ಹೇಳ್‌ಬೋದಿತ್ತಲ್ಲಕ್ಕ?”

“ಫೋನ್ ಮುಂದೆ ಹೆಂಗೇಳಾದು? ಅಂಗಿ ಇಸ್ತ್ರಿ ಮಾಡ್ಕಂಡು ಚೆಂದಾಗಿ ಬಂದಿದ್ದೆ. ಅಷ್ಟು ಜನದ್ ಎದ್ರುಗೆ ನಿನ್ ಕೈ ನಾರ್ತೈತೆ ಅಂದ್ರೆ ನಿನ್ ಮರ್ವಾದೆ ಏನಾಗ್ಬೇಕು?”

ಗುರುತಿಲ್ಲದ ನನ್ನ ಮಾನ ಕಾಯಲು ಅವರು ಬಾಯಿ ಮುಚ್ಚಿಕೊಂಡಿದ್ದರು. ಅವರದನ್ನು ನಾನು ನಲವತ್ತು ಸಾವಿರ ಜನರ ಮುಂದೆ ಕಳೆದಿದ್ದೆ. ಅಲ್ಲೇ ನಿಂತು ಹಳೆಯ ವಿಡಿಯೋ ಅಳಿಸಿದೆ. ವಾಸಿಂಗೆ ಫೋನು ಹಿಡಿಯಲು ಹೇಳಿ, ಎರಡೂ ಕೈ ಮುಂದೆ ಚಾಚಿದೆ.

“ನಾನು ಶೋಯೆಬ್. ರಾಮನಗರದಾಗೆ ರೇಷ್ಮೆ ನೂಲು ತೆಗಿಯೋನು. ಅವತ್ತು ನಾರಿದ್ದು ಈ ಕೈ,” ಎಂದು ಎಲ್ಲವನ್ನೂ ಹೇಳಿದೆ. ನಿಂಬೆ ಉಜ್ಜಿ ಕೈ ತೊಳೆದು ತಿಂದೆ. ಆ ಗಾಡಿಯ ಹೆಸರು ಬುರುಡೆಯಲ್ಲ, ನಾಲ್ಕು ಊರಲ್ಲಿ ಅಂಥ ಚಟ್ನಿ ಇಲ್ಲ.

ಆ ಹೊಸ ವಿಡಿಯೋ ಇಂದಿನವರೆಗೆ ನೋಡಿದವರು ಮುನ್ನೂರ ಹನ್ನೆರಡು ಜನ. ಬೇರೆ ದಾರಿ ತೋಚದೆ ಪ್ರತಿ ಭಾನುವಾರ ಹೋಗಿ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ ಗಾಡಿಯ ಮುಂದೆ ನಿಂತು ತಿನ್ನುತ್ತೇನೆ. ಕೆಲವರು ನನ್ನ ಗುರುತು ಹಿಡಿದು, “ಅದು ನಾರ್ತೈತೆ ಅಂದೋನು ನೀನೇ ಅಲ್ವೇನಪ್ಪ?” ಅಂತ ನಗುತ್ತಾರೆ, ಆದರೆ ತಿನ್ನದೆ ಮುಂದೆ ಹೋಗುತ್ತಾರೆ. ರಾಧಾಮಣಿ ನಾನು ಕೇಳುವ ಮೊದಲೇ ನಿಂಬೆ ಹೋಳು ಕೊಡುತ್ತಾರೆ.