ಏಣಿಯ ಕೊಂಡಿ

"ಇಳೀಬೇಡ! ಅಲ್ಲೇ ಇರು, ಅಲ್ಲಾಡಬೇಡ!"

ಪೇಂಟರ್ ಕೂಗಿದ ರಭಸಕ್ಕೆ, ಅಟ್ಟದ ಮೇಲಿನ ಡಬ್ಬಕ್ಕೆ ಕೈಹಾಕಿದ್ದ ಹೆಂಡತಿ ಏಣಿಯ ಮೇಲೇ ಕಲ್ಲಾಗಿ ನಿಂತಳು. ಓದುತ್ತಿದ್ದ ಏಣಿ ಕಾರ್ಖಾನೆಯ ಕರಾರುಪತ್ರವನ್ನು ಎಸೆದು ಅವನು ಓಡಿದ. ಮಡಚುವ ಏಣಿಯ ಕಾಲುಗಳು ಅಗಲಿ ಜಾರದಂತೆ ತಡೆಯಲು ಅವನೇ ತಲೆ ಓಡಿಸಿ ಮಾಡಿದ ಕೊಂಡಿ, ಕಚ್ಚಿನೊಳಗೆ ಕೂರದೆ ತುದಿಯಲ್ಲಿ ನೇತಾಡುತ್ತಿತ್ತು.

ಅವಳನ್ನು ಇಳಿಸಿಕೊಳ್ಳುವಷ್ಟರಲ್ಲಿ ಅವನ ಅಂಗಿ ಬೆವರಿನಿಂದ ತೊಯ್ದುಹೋಗಿತ್ತು.

"ಏನ್ರೀ ಇದು, ಜೀವ ಬಾಯಿಗೆ ಬಂತು!"

"ಕೊಂಡಿ ಕೂತಿಲ್ಲ ಕಣೇ. ಇಷ್ಟು ವರ್ಷದಲ್ಲಿ ಒಂದು ಸಲಾನೂ ಹೀಗಾಗಿಲ್ಲ."

ಏಣಿ ಸದಾ ಅವನ ಕೆಲಸದ ಕಡೆಯೇ ಇರುತ್ತಿತ್ತು. ಅವಳು ಹತ್ತಿದ್ದು ಇದೇ ಮೊದಲು. ಅವನು ಮಡಚಿ, ಬಿಡಿಸಿ, ಹತ್ತಿ ನೋಡಿದ. ಕೊಂಡಿ ಸರಿಯಾಗಿ ಕೂತಿತು. ಇನ್ನೊಮ್ಮೆ ಮಾಡಿದರೂ ಕೂತಿತು. ಹೆಂಡತಿ ಬಿಡಿಸಿದರೆ ಮಾತ್ರ ಮುನಿಸಿಕೊಂಡ ಮಗುವಿನ ಹಾಗೆ ಹೊರಗೇ ಉಳಿಯಿತು.

"ನೀವು ಒದೀತೀರಲ್ಲ, ಅದಕ್ಕೆ," ಎಂದಳು.

"ನಾನಾ? ಯಾವಾಗ ಒದ್ದೆ?"

"ಸರಿಹೋಯ್ತು! ಈಗ್ಲೂ ಒದ್ರಲ್ಲ. ಹತ್ತೋಕೆ ಮುಂಚೆ ಏಣಿ ಕಾಲಿಗೊಂದು ಒದೆ ಬಿದ್ದೇ ಬೀಳುತ್ತೆ. ನಿಮ್ಮ ಜೊತೆಯವರೂ ಅಷ್ಟೇ."

ಹಾಗಾದರೆ ಆ ಒದೆತದ ಏಟಿಗೇ ಕೊಂಡಿ ಕಚ್ಚಿನೊಳಗೆ ಬೀಳುತ್ತಿತ್ತು! ನೆಲ ಗಟ್ಟಿಯಿದೆಯೇ ಎಂದು ನೋಡಲು ಏಣಿಗೆ ಒದೆಯುವುದು ಪೇಂಟರುಗಳ ಮೈಗಂಟಿದ ರೂಢಿ. ಕೊಂಡಿಯನ್ನು ಬಳಸಿ ನೋಡಿ ಭೇಷ್ ಎಂದವರೂ ಅವರೇ. ಆದರೆ ಕಾರ್ಖಾನೆಯವರು ಮಾರಹೊರಟಿದ್ದು ಮನೆಮನೆಗೆ. ಬಲ್ಬ್ ಹಾಕುವ ಅಜ್ಜಂದಿರು, ಜೇಡರ ಬಲೆ ತೆಗೆಯುವ ಹೆಂಗಸರು ಏಣಿಯನ್ನು ಯಾಕೆ ಒದ್ದಾರು? ಅಯ್ಯೋ, ಎಷ್ಟು ಜನ ಬೀಳಬಹುದು!

ಸಂಜೆಯೊಳಗೆ ಸಹಿ ಹಾಕಬೇಕಿತ್ತು. ಐಡಿಯಾ ಅವನದು, ತಯಾರಿಕೆ ಕಾರ್ಖಾನೆಯದು, ಮಾರಿದ ಒಂದೊಂದು ಏಣಿಯಲ್ಲೂ ಅವನಿಗೆ ಪಾಲು. ಮೊಣಕಾಲು ಸವೆದವನಿಗೆ ಇನ್ನು ಗೋಡೆ ಹತ್ತುವ ಪಾಡು ತಪ್ಪುತ್ತಿತ್ತು. ದೋಷ ಇದೆ ಎಂದರೆ ಕರಾರು ಮುರಿದುಬೀಳುತ್ತದೆ. ಸುಮ್ಮನಿದ್ದುಬಿಟ್ಟರೆ? ಯಾರಿಗೆ ಗೊತ್ತಾಗುತ್ತದೆ? ಹಾಗೆ ಅಂದುಕೊಂಡದ್ದೇ ತಡ, ಅವನಿಗೆ ತನ್ನನ್ನು ಕಂಡೇ ಭಯವಾಯಿತು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಕಾರ್ಖಾನೆಯ ಮಾಲೀಕರು.

"ಏನ್ ಮೇಸ್ತ್ರಿ, ಸಹಿ ಆಯ್ತಾ? ನೀವು ಕೊಟ್ಟ ಸ್ಯಾಂಪಲ್ ಏಣಿ ಮನೆಗೇ ತಂದಿದೀನಿ. ನನ್ನ ಮಗಳು ಅದರ ಮೇಲೆ ನಿಂತು ಪರದೆ ಹಾಕ್ತಿದಾಳೆ. ಬಂಡೆ ಇದ್ದ ಹಾಗಿದೆಯಂತೆ!"

ಪೇಂಟರ್ ಫೋನಿನಲ್ಲೇ ಕೂಗಿದ.

"ಸಾರ್, ಅವರಿಗೆ ಅಲ್ಲಾಡಬೇಡಿ ಅನ್ನಿ. ಹೋಗಿ ಏಣಿ ಹಿಡ್ಕೊಳ್ಳಿ. ಕೊಂಡಿ ಕೂತಿರಲ್ಲ ಸಾರ್, ಅದರಲ್ಲಿ ದೋಷ ಇದೆ!"

"ಏನಂದ್ರಿ? ಈಗ ಹೇಳ್ತೀರಾ ಇದನ್ನ?"

"ಕರಾರು ಹಾಳಾಗಿ ಹೋಗ್ಲಿ, ಮೊದಲು ಓಡಿ ಸಾರ್!"

ಆ ಕಡೆ ಫೋನನ್ನು ಎಲ್ಲೋ ಕುಕ್ಕಿದ ಸದ್ದು. ದಡದಡ ಹೆಜ್ಜೆಗಳು, ದೂರದಲ್ಲಿ ಮಗಳನ್ನು ಕೂಗುವ ದನಿ. ಆಮೇಲೆ ಏನೂ ಕೇಳಿಸಲಿಲ್ಲ.

"ಏನಾಯ್ತ್ರೀ?" ಎಂದಳು ಹೆಂಡತಿ.

ಅವನು ಫೋನನ್ನು ಕಿವಿಗೊತ್ತಿಕೊಂಡು ನಿಂತಿದ್ದ. ಅವನ ಇನ್ನೊಂದು ಕೈ ಎದುರಿಗಿದ್ದ ಖಾಲಿ ಏಣಿಯ ಕಾಲನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.